ಅಮರಗುಂಡಪ್ಪನವರ ಬಾವುಟಗಳು

ಮಸ್ಕಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರವೇ. ಅದನ್ನು ಒಮ್ಮೆಯೂ ಕಣ್ಣಾರೆ ಕಾಣದ ಬಟ್ಟೆ ವ್ಯಾಪಾರಿ ಅಮರಗುಂಡಪ್ಪನವರು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹಡಗು ಕಟ್ಟುತ್ತಾರೆ. ಮೊಳದುದ್ದದ ಮರದ ಹಡಗುಗಳು. ಪಕ್ಕದ ಪಾತ್ರೆ ಅಂಗಡಿ ನನ್ನದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಚಹಾ ಕುಡಿದು, ಏನನ್ನಾದರೂ ಮುಟ್ಟಿ ಬೈಸಿಕೊಂಡು ಬರುವುದು ನನ್ನ ಹಳೆಯ ಚಟ.

ಬಾಗಿಲು ಮಾಡುವವರಲ್ಲಿ ಉಳಿದ ತೇಗದ ಚೂರುಗಳನ್ನು ತಂದು ತೆಳ್ಳಗೆ ಸೀಳಿ, ಬಿಸಿನೀರಲ್ಲಿ ನೆನೆಸಿ, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಬಗ್ಗಿಸುತ್ತಾರೆ. ಅಂಟು ಹಿಡಿಯುವ ತನಕ ಬಟ್ಟೆ ಒಣಹಾಕುವ ಕ್ಲಿಪ್ಪು. ಹಾಯಿಗೆ ಅಂಗಡಿಯದೇ ತೆಳು ಮಲ್ ಬಟ್ಟೆ. ಹಳೆಯದಾಗಿ ಕಾಣಲೆಂದು ಅದನ್ನು ಚಹಾದಲ್ಲಿ ಅದ್ದುತ್ತಾರೆ. ಕೊನೆಗೆ ಹಾಯಿಗೆ ಗಂಜಿ ಹಚ್ಚಿ ಹಡಗಿನ ಹಿಂದೆ ಟೇಬಲ್ ಫ್ಯಾನ್ ಇಟ್ಟರೆ, ಹಾಯಿ ಮುಂದಕ್ಕೆ ಉಬ್ಬಿಕೊಂಡೇ ಒಣಗುತ್ತದೆ. ಆಮೇಲೆ ಫ್ಯಾನನ್ನು ಮುಂದಕ್ಕೆ ತಂದು, ಕಂಬದ ತುದಿಯ ಬಾವುಟಕ್ಕೂ ಗಂಜಿ ಹಚ್ಚಿ, ಅದು ಹಿಂದಕ್ಕೆ ಹಾರುತ್ತಿರುವಂತೆ ಒಣಗಿಸುತ್ತಿದ್ದರು.

ಇದೇ ಹುಚ್ಚಿನ ಇನ್ನಷ್ಟು ಜನ ಫೋನಿನಲ್ಲಿ ‘ಹಡಗು ಬಳಗ’ ಎಂದು ಗುಂಪು ಮಾಡಿಕೊಂಡಿದ್ದಾರೆ. ಲಿಂಗಸುಗೂರಿನ ಬ್ಯಾಂಕ್ ನೌಕರ ವೀರೇಶ, ಬಳಗಾನೂರಿನ ಮಲ್ಲೇಶ, ಸಿಂಧನೂರಿನ ಹೈಸ್ಕೂಲು ಟೀಚರ್ ಭಾರತಿ. ತಿಂಗಳಿಗೊಂದು ಭಾನುವಾರ ಎಲ್ಲರೂ ಈ ಕೋಣೆಯಲ್ಲಿ ಸೇರುತ್ತಾರೆ. ಯಾರು ಏನು ಕೇಳಿದರೂ ಅಮರಗುಂಡಪ್ಪನವರದೇ ಕಡೆಯ ಮಾತು. ಸಲಹೆ ಕೊಡುವುದರಲ್ಲಿ ಧಾರಾಳಿ, ಕೇಳಿಸಿಕೊಳ್ಳುವುದರಲ್ಲಿ ಮಹಾ ಜುಗ್ಗ.

ಹೋದ ಚಳಿಗಾಲದಲ್ಲಿ ಭಾರತಿ ತನ್ನ ಮೊದಲ ಹಡಗು ತಂದಿದ್ದಳು. ಅಷ್ಟು ನಾಜೂಕಿನ ಕೆಲಸ ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ಆದರೆ ಬಾವುಟ ಹಾಯಿ ಉಬ್ಬಿದ ಕಡೆಗೇ, ಮುಂದಕ್ಕೆ ಹಾರುತ್ತಿತ್ತು.

“ಏನವ್ವಾ ಇದು? ಮುಂದ ಹೊಂಟ ಹಡಗಿನ ಬಾವುಟ ಹಿಂದಕ್ಕ ಹಾರಬೇಕೋ ಬ್ಯಾಡೋ? ಟ್ರ್ಯಾಕ್ಟರಿನ ಬಾವುಟ ನೋಡಿಲ್ಲೇನು?” ಎಂದರು ಅಮರಗುಂಡಪ್ಪನವರು.

“ಕಾಕಾ, ಗಾಳಿ ಹಿಂದಿಂದ ಬರ್ತೈತಲ್ರೀ...”

“ಇಷ್ಟು ಹಡಗು ಮಾಡೀನಿ, ನನಗ ಕಲಸ್ತೀಯೇನು? ಕಿತ್ತು ಹಚ್ಚು!”

ಎಲ್ಲರ ಮುಂದೆಯೇ ಭಾರತಿ ಬಾವುಟ ಕಿತ್ತಳು. ಗಂಜಿ ಹಾಕಿ ಸೆಟೆದಿದ್ದ ಬಟ್ಟೆ ಕೈಯಲ್ಲೇ ಹರಿಯಿತು. ಆಮೇಲಿನ ಭಾನುವಾರಗಳಿಗೆ ಅವಳು ಬರಲಿಲ್ಲ, ಗುಂಪಿನಲ್ಲೂ ಮಾತಿಲ್ಲ. ಅವಳು ಹಡಗು ಕಟ್ಟುವುದನ್ನೇ ಬಿಟ್ಟುಬಿಟ್ಟಳು ಎಂದು ವೀರೇಶ ಹೇಳಿದ ದಿನ ಅಮರಗುಂಡಪ್ಪನವರು ಚಹಾ ಮುಟ್ಟಲಿಲ್ಲ. ಅಂಥ ಕೈ ಮತ್ತೆಲ್ಲಿ ಸಿಗಬೇಕು ಎಂದು ನನ್ನೆದುರು ಒದ್ದಾಡಿದರೇ ಹೊರತು, ತಪ್ಪು ತಮ್ಮದಿರಬಹುದೆಂಬ ಅನುಮಾನ ಅವರ ಹತ್ತಿರ ಸುಳಿಯಲಿಲ್ಲ.

ಬೇಸಿಗೆ ಸುಗ್ಗಿಯಲ್ಲಿ ಹೆಂಡತಿ ಸಂಗಮ್ಮನ ತವರು ದಢೇಸುಗೂರಿಗೆ ಹೋದವರು, ಭತ್ತದ ಟ್ರ್ಯಾಕ್ಟರಿನಲ್ಲಿ ಸಿಂಧನೂರಿಗೆ ಬರುತ್ತಿದ್ದರಂತೆ. ಮುಂದೆ ಕಟ್ಟಿದ್ದ ಹಳದಿ ಕೆಂಪು ಬಾವುಟ ಪಟಪಟನೆ ಹಿಂದಕ್ಕೆ ಹಾರುತ್ತಿತ್ತು. ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದು ಟ್ರ್ಯಾಕ್ಟರ್ ನಿಂತಿತು. ಬಾವುಟ ಒಮ್ಮೆ ಜೋತುಬಿದ್ದು, ಬೆನ್ನ ಹಿಂದಿನ ಗಾಳಿಗೆ ಮೆಲ್ಲಗೆ ಮುಂದಕ್ಕೆ ಹಾರತೊಡಗಿತು. ಆಗ ಅವರಿಗೆ ಹೊಳೆಯಿತಂತೆ: ಟ್ರ್ಯಾಕ್ಟರಿಗೆ ಎಂಜಿನ್ ಇದೆ, ಗಾಳಿಯನ್ನೂ ಹಿಂದೆ ಹಾಕಿ ಓಡುತ್ತದೆ. ಹಾಯಿಹಡಗನ್ನು ನೂಕುವುದು ಗಾಳಿಯೇ. ಹಾಯಿ ಮುಂದಕ್ಕೆ ಉಬ್ಬಿದ ಮೇಲೆ ಬಾವುಟ ಹಿಂದಕ್ಕೆ ಹಾರುವುದು ಹೇಗೆ?

ಮರುದಿನವೇ ನನ್ನನ್ನೂ ಎಳೆದುಕೊಂಡು ಸಿಂಧನೂರಿನ ಬಸ್ಸು ಹತ್ತಿದರು. ಭಾರತಿಯ ಮನೆಯಲ್ಲಿ ಹಡಗು ಕಪಾಟಿನ ಮೇಲೆ, ಹಳೆಯ ಸೀರೆಯಡಿ ಇತ್ತು. ಕಂಬದ ತುದಿ ಬೋಳು.

“ನೀ ಹಚ್ಚಿದ್ದ ಸರಿ ಇತ್ತವ್ವಾ. ನನ್ನವೆಲ್ಲಾ ತಪ್ಪು,” ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

“ನನಗ ಗೊತ್ತಿತ್ರೀ ಕಾಕಾ.”

“ಗೊತ್ತಿದ್ರ ಯಾಕ ಕಿತ್ತಿ?”

“ವೀರೇಶ್ ಸರ್‌ಗೂ ಗೊತ್ತೈತಿ, ಮಲ್ಲೇಶಗೂ ಗೊತ್ತೈತಿ. ನಿಮ್ಮ ಮುಂದ ಹೇಳಾವ್ರು ಯಾರ್ರೀ?”

ಅಮರಗುಂಡಪ್ಪನವರ ಮುಖ ಇಳಿದುಹೋಯಿತು. ನನಗೂ ಸಂಕಟವಾಯಿತು. ಇಷ್ಟು ವರ್ಷ ಎಲ್ಲರೂ ತಲೆಯಾಡಿಸಿದ್ದನ್ನು ಆ ಮನುಷ್ಯ ಒಪ್ಪಿಗೆ ಎಂದೇ ನಂಬಿದ್ದರು. ಮಸ್ಕಿಯ ಅಂಗಡಿಗೆ ಬಂದವರೇ ತಮ್ಮ ಹಡಗುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಗುಂಪಿಗೆ ಹಾಕಿದರು: “ಬಾವುಟ ಎಲ್ಲಾ ಉಲ್ಟಾ ಅದಾವ. ನನ್ನ ಮಾತು ಕೇಳಿ ನೀವೂ ಕೆಡಿಸ್ಕೊಂಡೀರಿ. ಇನ್ನೂ ಏನೇನು ತಪ್ಪದಾವ, ಹೇಳ್ರಿ.”

ಮೊದಲು ವೀರೇಶ ಬರೆದ: “ಸರ್, ಸಿಟ್ಟಾಗಬ್ಯಾಡ್ರಿ. ಲಂಗರದ ಹಗ್ಗ ಭಾಳ ಸಣ್ಣದಾತ್ರೀ.” ಅವನ ಹಿಂದೆಯೇ ಮಲ್ಲೇಶ: “ಹಾಯಿಗೆ ಚಹಾ ಜಾಸ್ತಿ ಆಗೇತ್ರೀ.” ಓದಿದಂತೆಲ್ಲ ಅಮರಗುಂಡಪ್ಪನವರ ಕಿವಿ ಕೆಂಪಗಾಗುತ್ತಿತ್ತು. ಇನ್ನೇನು ಫೋನನ್ನು ಗೋಡೆಗೆ ಎಸೆಯುತ್ತಾರೆಂದು ನಾನು ಹಿಂದಕ್ಕೆ ಸರಿದೆ. ಅವರು ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿಂದ ಓದಿದರು.

ಮುಂದಿನ ಭಾನುವಾರ ಭಾರತಿ ಹಡಗು ತಂದಳು, ಜೊತೆಗೆ ಹೊಸ ಬಾವುಟ. ಅಮರಗುಂಡಪ್ಪನವರು ಗಂಜಿ ಕಲಸಿಟ್ಟು, ಫ್ಯಾನನ್ನು ಎತ್ತಿ ತಂದು ಅವಳ ಕೈಗೇ ಕೊಟ್ಟರು.

“ಎಲ್ಲಿಡಬೇಕು, ನೀನ ಹೇಳವ್ವಾ.”

ಅವಳು ಅದನ್ನು ಹಡಗಿನ ಹಿಂದೆ ಇಟ್ಟಳು.