ಬೇಡದ್ದರ ಪಟ್ಟಿ

ನೆಂಟರಿಷ್ಟರ ನಡುವೆ ಅವನಿಗೆ ‘ಪೊರಕೆ’ ಎಂದೇ ಹೆಸರು. ಹಾಗೆ ಕರೆದವನು ಅವನ ಅಣ್ಣ. ಯಾರ ಮನೆಯ ಕಂಪ್ಯೂಟರಿನಲ್ಲಿ ಕಸ ಸೇರಿಕೊಂಡರೂ ಮೊದಲು ಕರೆ ಬರುತ್ತಿದ್ದುದು ಇವನಿಗೇ.

ಇಪ್ಪತ್ತು ವರ್ಷದಿಂದ ಅವನು ಒಂದು ಸಣ್ಣ ಪ್ರೆಸ್ಸಿನಲ್ಲಿ ಪುಟ ಹೊಂದಿಸುವ ಕೆಲಸ ಮಾಡುತ್ತಿದ್ದ. ಬಿಲ್ ಪುಸ್ತಕ, ಕರಪತ್ರ ಅಚ್ಚು ಹಾಕಿಸಲು ಬಂದವರೆಲ್ಲ ತಂತಮ್ಮ ಪೆನ್‌ಡ್ರೈವ್ ತಂದು ಚುಚ್ಚುವರು. ಊರಿನ ವೈರಸ್ಸುಗಳಿಗೆಲ್ಲ ಆ ಪ್ರೆಸ್ಸು ಛತ್ರವಿದ್ದ ಹಾಗೆ. ಪೆಟ್ಟು ತಿಂದು ತಿಂದು ಅವನು ಮದ್ದು ಕಲಿತ, ಕಲಿತದ್ದನ್ನು ಪುಕ್ಕಟೆ ಹಂಚಿದ. “ಕೇಳಿದ್ದಕ್ಕೆಲ್ಲ ಸರಿ ಸರಿ ಅಂತ ಒತ್ತಬೇಡಿ. ಬಿಟ್ಟಿ ಸಿಗೋದ್ರ ಬೆನ್ನಿಗೆ ನಾಲ್ಕು ಜನ ಕಳ್ಳರು ಒಳಗೆ ಬಂದಿರ್ತಾರೆ” ಎಂದು ಹೋದಲ್ಲೆಲ್ಲ ಹೇಳುವನು. ಹೆಂಡತಿ ನಗುವಳು: “ನಮ್ಮನೆ ನಲ್ಲಿ ಸೋರ್ತಾ ಇದೆ, ಅದಕ್ಕೂ ಒಂದು ಮದ್ದು ಹಾಕಿ.”

ಅಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಅವನು ಒಮ್ಮೆ ದನಿ ಎತ್ತಿದರೆ ಗೇಟಿನಾಚೆ ಮಲಗಿದ್ದ ಲಾರಿಯವರು ಎದ್ದು ಕೂರುತ್ತಿದ್ದರು. ಅಂಥವನಿಗೆ ಗಂಟಲಲ್ಲೇ ಗಡ್ಡೆಯಾಯಿತು. ಜೀವ ಉಳಿಯಬೇಕಾದರೆ ಬೇರೆ ದಾರಿಯಿಲ್ಲವೆಂದು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು.

ಆಪರೇಷನ್ನಿನ ನಂತರ ತಮ್ಮ ಒಂದೇ ಒಂದು ಸಲ ನೋಡಲು ಹೋದ. ಅಣ್ಣ ಏನೋ ಹೇಳಲು ತುಟಿ ಆಡಿಸಿದ, ಬರೀ ಗಾಳಿ. ಇವನು ಕಿಟಕಿಯ ಕಡೆ ತಿರುಗಿ ಬಿಸಿಲಿನ ಮಾತಾಡಿ ಎದ್ದು ಬಂದ. ಆಮೇಲೆ ನಾಲ್ಕು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಪ್ರೆಸ್ಸಿನಲ್ಲಿ ಕೈತುಂಬ ಕೆಲಸ ಎಂದು ಫೋನಿನಲ್ಲೇ ಅತ್ತಿಗೆಯನ್ನು ವಿಚಾರಿಸಿಕೊಂಡು ಕೈತೊಳೆದುಕೊಳ್ಳುತ್ತಿದ್ದ.

ಕಡೆಗೆ ಒಂದು ಭಾನುವಾರ ಅತ್ತಿಗೆಯೇ ಫೋನು ಮಾಡಿದಳು. “ನಮ್ಮ ಕಂಪ್ಯೂಟರಿಗೆ ಏನೋ ಬಡಿದಿದೆ ಕಣಪ್ಪ. ಆನ್ ಮಾಡಿದ್ರೆ ಸಾಕು, ಅದು ಕೊಳ್ಳಿ ಇದು ಕೊಳ್ಳಿ ಅಂತ ಮೈಮೇಲೆ ಬೀಳುತ್ತೆ. ನಾನೇ ಯಾವ್ದೋ ಹಳೇ ಹಾಡು ಇಳಿಸೋಕೆ ಹೋಗಿ ಎಡವಟ್ಟು ಮಾಡಿದ್ದು. ಅವರಿಗೆ ಗೊತ್ತಾಗೋ ಮೊದಲೇ ಬಂದು ನೋಡ್ತೀಯಾ?” ಅಣ್ಣ ಮಗಳ ಜೊತೆ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದ. ಅಣ್ಣ ಮನೆಯಲ್ಲಿಲ್ಲ ಎಂದು ಕೇಳಿಯೇ ಇವನು ಚಪ್ಪಲಿ ಮೆಟ್ಟಿದ್ದು. ಆ ಮಾತನ್ನು ಆಮೇಲೆ ತನಗೆ ತಾನೇ ಒಪ್ಪಿಕೊಳ್ಳಲು ಅವನಿಗೆ ಬಹಳ ದಿನ ಹಿಡಿಯಿತು.

ನಡುಮನೆಯ ಮೂಲೆಯಲ್ಲಿ ಕಂಪ್ಯೂಟರಿತ್ತು. ವೈರಸ್ ಶೋಧಕ್ಕೆ ಹಚ್ಚಿದರೆ ಬೇಡದ್ದರ ಪಟ್ಟಿ ಹನುಮಂತನ ಬಾಲದಂತೆ ಬೆಳೆಯಿತು. ಅದರಲ್ಲಿ ಒಂದು ಅವನ ಕಣ್ಣಿಗೆ ಚುಚ್ಚಿತು. ಮಾಡಿದವರ ಹೆಸರಿಲ್ಲ, ಗುರುತಿಲ್ಲ. ಕಂಪ್ಯೂಟರು ಹಚ್ಚಿದೊಡನೆ ತಾನಾಗಿ ಏಳುತ್ತದೆ. ಒತ್ತುವ ಪ್ರತಿ ಅಕ್ಷರವನ್ನೂ ಕಾದು ಕೂತು ಹಿಡಿಯುತ್ತದೆ. ಪಾಸ್‌ವರ್ಡ್ ಕದಿಯುವ ಕಳ್ಳನ ಲಕ್ಷಣ ಅಂಗಾಲಿನಿಂದ ನೆತ್ತಿಯವರೆಗೆ.

“ಒಂದೊಂದೇ ಹೆಕ್ಕಿದ್ರೆ ಆಗಲ್ಲ ಅತ್ತಿಗೆ, ಬೇರು ಸಮೇತ ಕೀಳಬೇಕು. ಪೂರ್ತಿ ಅಳಿಸಿ ಹೊಸದಾಗಿ ಹಾಕ್ತೀನಿ. ಬೇಕಾದ ಫೋಟೋ, ಪತ್ರ ಎಲ್ಲಿವೆ ತೋರಿಸಿ.”

ಅತ್ತಿಗೆ ತೋರಿಸಿದಳು. ಅವನ್ನೆಲ್ಲ ಪೆನ್‌ಡ್ರೈವಿಗೆ ಎತ್ತಿಟ್ಟುಕೊಂಡ.

“ಅವರ ಮಾತಿಂದು ಒಂದಿದೆ ಅದ್ರಲ್ಲಿ...” ಎಂದಳು ಅತ್ತಿಗೆ, ಸೆರಗಿನ ತುದಿ ತಿರುವುತ್ತ.

ವಿಡಿಯೋ ಕಾಲ್ ಮಾಡುವ ಪ್ರೋಗ್ರಾಮ್ ಇರಬೇಕು ಎಂದುಕೊಂಡ ಇವನು. “ಅದನ್ನ ಮತ್ತೆ ಹಾಕ್ಕೊಡ್ತೀನಿ ಬಿಡಿ.”

“ಅವರು ಬಂದ್ಮೇಲೆ ಒಂದ್ಮಾತು ಕೇಳಿ ಮಾಡಿದ್ರಾಗಲ್ವಾ?”

“ಮನೇಲಿ ಹಾವು ಸೇರ್ಕೊಂಡ್ರೆ ಯಜಮಾನ್ರು ಬರೋವರೆಗೂ ಕಾಯ್ತಾರಾ ಅತ್ತಿಗೆ?”

ಅತ್ತಿಗೆ ನಕ್ಕು ಟೀ ಇಡಲು ಒಳಗೆ ಹೋದಳು. ಅವನು ಒತ್ತಿದ.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರು ಆಗ ತಾನೇ ಸಾರಿಸಿದ ಅಂಗಳದಂತಿತ್ತು. ಅಣ್ಣ ಬರುವುದರೊಳಗೆ ಹೊರಡಬೇಕು ಎಂದು ಏಳುವಷ್ಟರಲ್ಲಿ ಅಣ್ಣ, ಮಗಳು ಬಂದೇಬಿಟ್ಟರು. ತಮ್ಮನನ್ನು ಕಂಡು ಅಣ್ಣನ ಮುಖ ಊರಗಲವಾಯಿತು. ಕೈಸನ್ನೆಯಲ್ಲಿ ‘ಇರು, ಇರು’ ಎಂದು ಕುರ್ಚಿ ಎಳೆದುಕೊಂಡು, ಏನೋ ತೋರಿಸುವ ಹುರುಪಿನಲ್ಲಿ ಕೀಲಿಮಣೆಯ ಮೇಲೆ ಬೆರಳಾಡಿಸಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಸ್ಪೀಕರಿನ ತಂತಿ ಅಲುಗಾಡಿಸಿ ನೋಡಿದ.

ಮಗಳು ಬಗ್ಗಿ ನೋಡಿ ಬಿಳಿಚಿಕೊಂಡಳು. “ಚಿಕ್ಕಪ್ಪ, ಅಪ್ಪನ ಮಾತು ಎಲ್ಲಿ?”

ಆಗ ಸಂಗತಿ ಹೊರಬಿತ್ತು. ಆಪರೇಷನ್ನಿಗೆ ಮೊದಲಿನ ಮೂರು ವಾರ ಅವಳು ಅಪ್ಪನನ್ನು ದಿನಾ ಕೂರಿಸಿಕೊಂಡು ಒಂದೊಂದೇ ಮಾತು ಹೇಳಿಸಿ ಹಿಡಿದಿಟ್ಟಿದ್ದಳು. ಮನೆಯವರ ಹೆಸರು, ಬೇಕು, ಬೇಡ, ಬೈಗುಳ, ಮಂಡಿಯ ತರಕಾರಿ, ಹೀಗೆ ಒಂಬೈನೂರರ ಹತ್ತಿರ. ಆಮೇಲೆ ತಾನೇ ಒಂದು ಪ್ರೋಗ್ರಾಮ್ ಬರೆದಳು. ಅಣ್ಣ ಅಕ್ಷರ ಒತ್ತಿದರೆ ಆ ಮಾತು ಅವನದೇ ದನಿಯಲ್ಲಿ ಬರುತ್ತಿತ್ತು. ಇವನು ಕಳ್ಳನೆಂದುಕೊಂಡದ್ದು ಅದನ್ನೇ. ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಅಣ್ಣ ಮಾತಾಡುತ್ತಲೇ ಇದ್ದ. ಒಂದು ಸಲ ಬಂದಿದ್ದರೆ ಇವನಿಗೂ ಕೇಳಿಸುತ್ತಿತ್ತು.

“ಪ್ರೋಗ್ರಾಮ್ ಇನ್ನೊಂದು ಬರೀಬಹುದು. ದನಿ ಎಲ್ಲಿಂದ ತರ್ಲಿ ಚಿಕ್ಕಪ್ಪ?” ಎಂದಳು ಹುಡುಗಿ. “ನಾನೂ ಒಂದು ಕಾಪಿ ಇಟ್ಕೋಬೇಕಿತ್ತು. ನಾಳೆ ಮಾಡೋಣ, ನಾಳೆ ಮಾಡೋಣ ಅಂತ...” ಎಂದು ಒಳಗೆ ಹೋಗಿಬಿಟ್ಟಳು.

ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ತಾನು ತಡೆದಿದ್ದೆ ಎಂದು ಅವಳು ಆಡಿ ತೋರಿಸಲಿಲ್ಲ. ಆಡಿದ್ದರೇ ವಾಸಿಯಿತ್ತು.

ಅಣ್ಣ ಕಾಗದದ ಮೇಲೆ ಬರೆದು ಕೊಟ್ಟ: “ನೆಗಡಿ ಬಂತು ಅಂತ ಮೂಗು ಕೊಯ್ದೆಯಲ್ಲೋ ಪೊರಕೆ. ಹೋಗ್ಲಿ, ಊಟ ಮಾಡ್ಕೊಂಡು ಹೋಗು.” ಬರೆಯುವಾಗ ನಕ್ಕಿದ್ದ, ಬರೆದಾದ ಮೇಲೆ ಸುಮ್ಮನೆ ಪರದೆಯನ್ನೇ ನೋಡುತ್ತ ಕೂತ.

ಮರುದಿನ ಅವನು ಪ್ರೆಸ್ಸಿಗೆ ರಜ ಹಾಕಿ, ಅಳಿಸಿದ್ದನ್ನು ಮರಳಿ ತೆಗೆದುಕೊಡುವ ಅಂಗಡಿಗೆ ಡಿಸ್ಕು ಹೊತ್ತುಕೊಂಡು ಹೋದ. “ಹಳೇದ್ರ ಮೇಲೆ ನೀವೇ ಹೊಸದು ಬರೆದಿದ್ದೀರಲ್ಲ ಸಾರ್” ಎಂದು ಅಂಗಡಿಯಾತ ಕೈಚೆಲ್ಲಿದ. ಆದರೂ ಆತ ಒಂದು ವಾರ ಕೂತು ಕೆದಕಿದ್ದಕ್ಕೆ ಸಿಕ್ಕಿದ್ದು ಆರು ಮಾತು: ‘ಗುರುವಾರ’, ‘ಹಸಿಮೆಣಸಿನಕಾಯಿ’, ‘ತಡಿ’, ‘ಬಿಸಿನೀರು’, ‘ದರಿದ್ರ’ ಮತ್ತು ಅತ್ತಿಗೆಯ ಹೆಸರಿನ ಮೊದಲರ್ಧ. ಮಂಡಿಗೆ ಹೋಗಿ ಅಂಗಡಿ ಅಂಗಡಿ ಸುತ್ತಿ, ಯಾರ ಫೋನಿನಲ್ಲಾದರೂ ಅಣ್ಣನ ಕೂಗು ಇದೆಯೇ ಎಂದು ಅಂಗಲಾಚಿದ. ಈರುಳ್ಳಿ ವ್ಯಾಪಾರಿಯೊಬ್ಬನ ಫೋನಿನಲ್ಲಿ ಅರ್ಧ ನಿಮಿಷದ್ದೊಂದು ಸಿಕ್ಕಿತು. ಅದರಲ್ಲೂ ಮುಕ್ಕಾಲು ಪಾಲು ಲಾರಿಯ ಹಾರನ್ನು.

ಈಗಲೂ ಜನ ಅವನನ್ನು ಕರೆಯುತ್ತಾರೆ, ಅವನು ಹೋಗುತ್ತಾನೆ. ಆದರೆ ಪಟ್ಟಿಯಲ್ಲಿರುವ ಒಂದೊಂದರ ಮೇಲೂ ಬೆರಳಿಟ್ಟು, “ಇದು ಯಾರದು? ಮನೇಲಿ ಎಲ್ರನ್ನೂ ಕೇಳಿ” ಎಂದು ಪೀಡಿಸುತ್ತಾನೆ. ಇದ್ದದ್ದನ್ನೆಲ್ಲ ಬೇರೆ ಕಡೆ ನಕಲು ಮಾಡಿದ ಹೊರತು ಒಂದನ್ನೂ ಮುಟ್ಟುವುದಿಲ್ಲ. ಕೆಲಸ ನಿಧಾನವಾಯಿತೆಂದು ಕೆಲವರು ಬೇರೆಯವರನ್ನು ಹಿಡಿದಿದ್ದಾರೆ.

ಅಣ್ಣನ ಮನೆಗೆ ಪ್ರತಿ ಭಾನುವಾರ ಹೋಗುತ್ತಾನೆ. ಅಣ್ಣ ಒತ್ತಿದ ಅಕ್ಷರಗಳನ್ನು ಈಗ ಯಂತ್ರದ ದನಿಯೊಂದು ಓದುತ್ತದೆ. ಎಲ್ಲ ಮಾತನ್ನೂ ಒಂದೇ ಏರಿಳಿತದಲ್ಲಿ, ಬ್ಯಾಂಕಿನಲ್ಲಿ ಟೋಕನ್ ನಂಬರು ಕರೆದಂತೆ. ಅದು ಶುರುವಾದರೆ ಅತ್ತಿಗೆ ಏನಾದರೂ ನೆಪ ತೆಗೆದು ಎದ್ದು ಹೋಗುತ್ತಾಳೆ.

ಮೊನ್ನೆ ಇಬ್ಬರೇ ಇದ್ದಾಗ ಅವನು ಹೇಳಿಯೇಬಿಟ್ಟ. “ಅಣ್ಣ, ನನ್ನಿಂದ ತಪ್ಪಾಯ್ತು. ಅಳಿಸಿದ್ದು ಒಂದೇ ಅಲ್ಲ. ನೀನು ಮಾತಿಲ್ದೆ ಕೂತಿರೋದನ್ನ ನೋಡೋಕಾಗದೆ ಬರಲೇ ಇಲ್ಲ ನಾನು.”

ಅಣ್ಣ ಬಹಳ ಹೊತ್ತು ಬೆರಳಾಡಿಸಿದ, ಅಳಿಸಿದ, ಮತ್ತೆ ಒತ್ತಿದ. ಯಂತ್ರ ಓದಿತು: “ಗೊತ್ತಿತ್ತು. ಆದರೂ ಪ್ರತಿ ವಾರ ಕಾಯ್ತಿದ್ದೆ.”