ಎ ಕಡೆ ನಾಲ್ಕು, ಬಿ ಕಡೆ ಎರಡು

ತ್ಯಾಮಗೊಂಡ್ಲಿನಲ್ಲಿ ಮೋಟಾರು ಸುತ್ತುವ ಸೊಣ್ಣಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅದಕ್ಕೆ ಊರವರು ಮರುಗಿದಷ್ಟು ಅವನೇನೂ ಮರುಗಲಿಲ್ಲ. ಮಗಳು ಅನುಸೂಯಮ್ಮನನ್ನೇ ಅಂಗಡಿಯಲ್ಲಿ ಕೂರಿಸಿ, ಸುಟ್ಟ ಪಂಪಿನ ಮೋಟಾರು ಬಿಚ್ಚಿ ತಾಮ್ರದ ತಂತಿ ಸುತ್ತುವುದನ್ನು ಕಲಿಸಿದ. ಹದಿನಾರು ತುಂಬುವಷ್ಟರಲ್ಲಿ ಅವಳು ಮೋಟಾರು ಬಿಚ್ಚಿ ಒಮ್ಮೆ ನೋಡಿದರೆ ಸಾಕು, ಇದು ನೀರಿಲ್ಲದೆ ಓಡಿ ಸುಟ್ಟಿದ್ದು, ಇದು ಮೂರು ಫೇಸಿನಲ್ಲಿ ಒಂದು ಹೋಗಿ ಸುಟ್ಟಿದ್ದು ಎಂದು ಹೇಳಿಬಿಡುತ್ತಿದ್ದಳು. ಯಾರೋ ಕಣ್ಣು ಹಾಕಿದ್ದಾರೆ ಎಂದು ವಾದಿಸುವ ರೈತರಿಗೆ, "ಕಣ್ಣು ಬಿದ್ದಿರೋದು ನಿನ್ನ ಸ್ಟಾರ್ಟರ್ ಮೇಲೆ ಕಣಣ್ಣ, ಮೊದಲು ಅದನ್ನ ಬದಲಾಯಿಸು" ಅನ್ನುತ್ತಿದ್ದಳು.

ಸುತ್ತಲಿನ ಹೊಲಗಳು ಕಾರ್ಖಾನೆಗಳಾದಂತೆ ಪಂಪುಗಳು ಕಮ್ಮಿಯಾದವು. ನಲವತ್ತೆರಡನೇ ವಯಸ್ಸಿಗೆ ವೈರ್‌ಮನ್ ಪರವಾನಗಿ ಹಿಡಿದುಕೊಂಡು ಸೋಂಪುರದ ಡೇಟಾ ಸೆಂಟರಿಗೆ ಕೆಲಸಕ್ಕೆ ಹೋದಳು. ಗೇಟಿನವನು ಮೇಲೆ ಕೆಳಗೆ ನೋಡಿ ಕಸ ಗುಡಿಸುವವರ ಸಾಲಿಗೆ ಕಳಿಸಿದ. ಆ ಸಾಲಿನಲ್ಲಿ ಬೆಳಗ್ಗೆ ಇಡ್ಲಿ ಕೊಡುತ್ತಿದ್ದರು. ಅನುಸೂಯಮ್ಮ ನಾಲ್ಕು ಇಡ್ಲಿ ತಿಂದು, ಕೈ ತೊಳೆದು, ಆಮೇಲೆ ಕರೆಂಟಿನ ಪ್ಯಾನೆಲ್ ರೂಮಿಗೆ ಹೋದಳು.

ಡೇಟಾ ಸೆಂಟರ್ ಅಂದರೇನೆಂದು ಕೇಳಿದವರಿಗೆ ಅವಳ ಗಂಡ, ದಾಬಸ್‌ಪೇಟೆಯಲ್ಲಿ ಕಂಪನಿ ಬಸ್ಸು ಓಡಿಸುವ ಕಾಂತರಾಜು, "ಎಲ್ಲರ ಫೋನಿನ ಕಸಾನೂ ಒಂದೇ ಕಡೆ ಗುಡ್ಡೆ ಹಾಕಿ ಎಸಿ ಬಿಟ್ಟಿರ್ತಾರೆ" ಎಂದು ವಿವರಿಸುತ್ತಿದ್ದ.

ಹೋದ ವರ್ಷ ಅಲ್ಲಿಗೆ ಆಳೆತ್ತರದ ಒಂದು ರೌಟರ್ ಬಂತು. ಅದನ್ನಿಟ್ಟ ಕೋಣೆಯ ಇಂಟರ್ನೆಟ್ಟೆಲ್ಲ ಅದರೊಳಗಿಂದಲೇ ಹಾಯಬೇಕು. ಅದಕ್ಕೆ ಕರೆಂಟು ಕುಡಿಯಲು ಆರು ಪವರ್ ಸಪ್ಲೈ. ಪೂರ್ತಿ ದುಡಿಯಲು ಮೂರಾದರೂ ಜೀವಂತ ಇರಬೇಕು. ಬೇರೆ ಬೇರೆ ಯುಪಿಎಸ್‌ನಿಂದ ಎ, ಬಿ ಎಂಬ ಎರಡು ಲೈನು ಬಂದಿದ್ದವು. ಆ ಕಡೆ ಮೂರು, ಈ ಕಡೆ ಮೂರು ಸಿಕ್ಕಿಸಿದರೆ, ಒಂದು ಲೈನು ಸತ್ತರೂ ಇನ್ನೊಂದು ಸಾಕುತ್ತದೆ.

ಅದನ್ನು ಶುರು ಮಾಡುವ ದಿನ ಮ್ಯಾನೇಜರ್ ನಂದೀಶ್ ಬೆಳಗ್ಗೆ ಹತ್ತೂ ನಲವತ್ತಕ್ಕೆ ಪೂಜೆ ಇಟ್ಟಿದ್ದ. ಪುರೋಹಿತರು ರೌಟರಿಗೆ ಕುಂಕುಮ ಎಲ್ಲಿ ಇಡುವುದೆಂದು ಹುಡುಕುತ್ತಿದ್ದಾಗ ಅನುಸೂಯಮ್ಮ ಹಿಂದುಗಡೆ ಬಗ್ಗಿ ವೈರುಗಳನ್ನು ಎಣಿಸಿದಳು. ಎ ಕಡೆ ನಾಲ್ಕು, ಬಿ ಕಡೆ ಎರಡು.

"ಸಾರ್, ಇದು ಸರಿಯಿಲ್ಲ. ಎ ಹೋದ್ರೆ ಉಳಿಯೋದು ಎರಡೇ."

"ಬಿ ಕಡೆ ದೊಡ್ಡ ಸಾಕೆಟ್ ಎರಡೇ ಇದ್ವು ಅನುಸೂಯಮ್ಮ. ಎ ಹಂಗೆಲ್ಲ ಹೋಗಲ್ಲ, ಬ್ಯಾಟ್ರಿ ಇದೆ."

"ಹೋಗದೇ ಇರೋದಾದ್ರೆ ಬಿ ಯಾಕ್ ಸಾರ್ ತಂದ್ರಿ, ಚಂದಕ್ಕಾ?"

ರೌಟರಿನ ಯಜಮಾನರ ಕಡೆಯಿಂದ ಬಂದಿದ್ದ ಎಂಜಿನಿಯರ್ ಹುಡುಗಿ ಚಂದನಳಿಗೆ ನಗು ತಡೆಯಲಾಗಲಿಲ್ಲ. "ಇನ್ನೂ ಯಾವ ಗ್ರಾಹಕರೂ ಇಲ್ಲ. ಟೆಸ್ಟಿಂಗ್ ಲೋಡ್ ಪೂರ್ತಿ ಓಡ್ತಿದೆ. ಎ ಆಫ್ ಮಾಡಿ ನೋಡೋಣ ಸಾರ್" ಅಂದಳು. ನಂದೀಶ್ ಹೂಂ ಅನ್ನದೆ ವಿಧಿಯಿರಲಿಲ್ಲ.

ಅನುಸೂಯಮ್ಮ ಎ ಬ್ರೇಕರ್ ಇಳಿಸಿದಳು. ಫ್ಯಾನುಗಳು ಹೋ ಎಂದು ಕೂಗಿಕೊಂಡವು. ರೌಟರಿನ ಹಸಿರು ದೀಪಗಳು ಒಂದು ಸಾಲು ಆರಿದವು, ಇನ್ನೊಂದು ಸಾಲು ಆರಿದವು. ಅರ್ಧ ರೌಟರ್ ಕಪ್ಪಗಾಯಿತು. ಪುರೋಹಿತರು ಮೆಲ್ಲಗೆ, "ಮಂಗಳಾರತಿ ಈಗಲೋ, ಇದು ಎದ್ದ ಮೇಲೋ?" ಎಂದು ಕೇಳಿದರು.

ಪೂಜೆಯೇನೋ ಮುಗಿಯಿತು, ನಂದೀಶನ ಮುಖ ಮಾತ್ರ ಇಳಿದೇ ಇತ್ತು. ಮಧ್ಯಾಹ್ನ ಅವನೊಂದು ಉಪಾಯ ತಂದ. ಬಿ ಕಡೆ ಖಾಲಿಯಿದ್ದ ಹದಿನಾರು ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಪ್ಲಗ್ಗು ಬದಲಿಸಿ ಮೂರನೆಯದನ್ನು ಸಿಕ್ಕಿಸುವುದು. "ಮೀಟರ್ ನೋಡಿದೀನಿ. ಒಂದೊಂದು ಎಳೀತಿರೋದು ಹತ್ತೇ ಆಂಪಿಯರ್."

"ಈಗ ಹತ್ತು ಸಾರ್, ಆರೂ ಸೇರಿ ಹೊತ್ತಿರೋದಕ್ಕೆ. ಒಂದು ಕಡೆ ಹೋದ್ರೆ ಉಳಿದ ಮೂರು ಇಪ್ಪತ್ತಿಪ್ಪತ್ತು ಎಳೀತವೆ. ಆಗ ನಿಮ್ಮ ಹದಿನಾರು ಟ್ರಿಪ್ ಆಗುತ್ತೆ. ಕಷ್ಟದ ದಿನ ಲೆಕ್ಕ ಹಾಕಿ ವೈರ್ ಹಾಕ್ಬೇಕು, ಸುಖದ ದಿನದ್ದಲ್ಲ. ಒಂದು ಫೇಸ್ ಹೋಗಿ ಉಳಿದೆರಡೇ ಹೊತ್ಕೊಂಡು ಸುಟ್ಟ ಮೋಟಾರುಗಳಿಂದಾನೇ ಸಾರ್ ನಾನು ಅನ್ನ ತಿಂದಿದ್ದು."

ಅವಳದು ಕಾಂಟ್ರಾಕ್ಟ್ ಕೆಲಸ, ನಾಳೆಯಿಂದ ಬರಬೇಡ ಅನ್ನಲು ಒಂದು ಫೋನು ಸಾಕು. ಆದರೂ ರೌಟರಿನ ಪರೀಕ್ಷೆ ಪಾಸಾಯಿತೆಂಬ ಕಾಗದಕ್ಕೆ ಅವಳು ಸಹಿ ಹಾಕಲಿಲ್ಲ. ಚಂದನಳೂ ಹಾಕಲಿಲ್ಲ.

ಬಿ ಪ್ಯಾನೆಲಿನಿಂದ ಮೂವತ್ತೆರಡು ಆಂಪಿಯರಿನ ಹೊಸ ಲೈನು ಎಳೆಯಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನವೂ ನಂದೀಶ್ ಅವಳ ಜೊತೆ ಕೆಲಸವಿದ್ದರೆ ಗೋಡೆಗೆ ಹೇಳುತ್ತಿದ್ದ; ಅವಳು ಗೋಡೆಯ ಪರವಾಗಿ "ಆಯ್ತು ಸಾರ್" ಅನ್ನುತ್ತಿದ್ದಳು. ಐದನೇ ದಿನ ಒಂದಾದ ಮೇಲೊಂದು ಎರಡೂ ಬ್ರೇಕರ್ ಇಳಿಸಿ ಏರಿಸಿ ನೋಡಿದರು. ಒಂದು ದೀಪವೂ ಕಣ್ಣು ಮಿಟುಕಿಸಲಿಲ್ಲ. ಅನುಸೂಯಮ್ಮ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಎ ಕಡೆಯ ಯುಪಿಎಸ್ ನಿಜಕ್ಕೂ ಕೈಕೊಟ್ಟಿತು. ರೌಟರ್ ತನ್ನ ಪಾಡಿಗೆ ಓಡುತ್ತಲೇ ಇತ್ತು. ನಂದೀಶ್ ಓಡೋಡಿ ಕ್ಯಾಂಟೀನಿಗೆ ಬಂದಾಗ ಅವಳು ಮುದ್ದೆ ಮುರಿಯುತ್ತಿದ್ದಳು.

"ಅನುಸೂಯಮ್ಮ, ಎ ಹೋಗಿದೆ!"

"ಬಿ ಇದೆಯಲ್ಲ ಸಾರ್. ಕೂತ್ಕೊಳ್ಳಿ, ಸಾರು ಚೆನ್ನಾಗಿದೆ."

ನಂದೀಶ್ ತಟ್ಟೆ ತರಲು ಹೋದ.