‘ಗುಜರಿಗೆ ಕೊಡಲ್ಲ’ ಎಂದ ಸ್ಕ್ರೂ ಅಕ್ಕ

ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡ ಪುಟ್ಟ ಕೊಠಡಿಯಲ್ಲಿ ಹೆಂಗಸೊಬ್ಬರು ನೆಲದ ಮೇಲೆ ಮಂಡಿಯೂರಿ, ಕಪ್ಪು ಪೆಟ್ಟಿಗೆಯೊಂದಕ್ಕೆ ಕಿವಿ ಹಚ್ಚಿ ಕೂತಿದ್ದಾರೆ. ಪಕ್ಕದ ಕೋಣೆಯ ಯಂತ್ರ ಇನ್ನೂ ಗುಡುಗತೊಡಗಿಲ್ಲ. ಸದ್ದಿಲ್ಲದ ಈ ಹೊತ್ತಿಗೆಂದೇ ಅವರು ಬೇಗ ಬಂದಿದ್ದಾರೆ. ಪೆಟ್ಟಿಗೆಯೊಳಗಿಂದ ಟಿಕ್, ಟಿಕ್ ಎಂಬ ಸಣ್ಣ ಸದ್ದು. ಒಂದು ಕ್ಷಣ ಮೌನ. ಮತ್ತೆ ಟಕ್.

“ಹಲ್ಲು ಕಡೀತಿದೆ,” ಎನ್ನುತ್ತಾರೆ ಅವರು, ಬಾಗಿಲಲ್ಲಿ ನಿಂತ ವೈದ್ಯೆಯತ್ತ ತಿರುಗಿ. “ಡಿಸ್ಕ್ ಹೋಗೋ ದಾರೀಲಿದೆ ಡಾಕ್ಟ್ರೇ. ಇವತ್ತೋ ನಾಳೆಯೋ ಕೈ ಕೊಡುತ್ತೆ.”

ಇವರು ಈ ಆಸ್ಪತ್ರೆಯ ವೈರ್‌ಮನ್. ಕಾಗದದ ಮೇಲೆ ಹುದ್ದೆಯ ಹೆಸರು ಹಾಗೇ ಇದೆ. ಹೆಂಗಸು ಬಂದರೂ ಅದನ್ನು ತಿದ್ದುವ ಗೋಜಿಗೆ ಯಾರೂ ಹೋಗಿಲ್ಲ. ಜನ ಕರೆಯುವುದು ‘ಸ್ಕ್ರೂ ಅಕ್ಕ’ ಎಂದು. ಕೆಟ್ಟ ಫ್ಯಾನು, ಉರಿಯದ ದೀಪ, ಮೇಲೇಳದ ಮಂಚ ಎಲ್ಲಕ್ಕೂ ಇವರೇ ಗತಿ. ಆದರೆ ಇವರ ಜೀವ ಇರುವುದು ಈ ಕೊಠಡಿಯಲ್ಲಿ. ಪಾರ್ಶ್ವವಾಯು ಬಡಿದು, ಯಂತ್ರಕ್ಕೆ ಸಿಕ್ಕಿ, ಬಿದ್ದು ಕೈ ಸೋತವರು ಮತ್ತೆ ಬೆರಳು ಮಡಿಸಲು ಕಲಿಯುವ ಜಾಗವಿದು. ಇಲ್ಲಿಯ ಗುರು ಈ ಕಪ್ಪು ಪೆಟ್ಟಿಗೆ. ಟಿವಿಗೆ ಜೋಡಿಸಿ ಮಕ್ಕಳು ಆಡುವ ಗೇಮ್ ಯಂತ್ರವೇ. ಈಗಿನ ಮಕ್ಕಳು ಇದನ್ನು ಮೂಸಿಯೂ ನೋಡಲಿಕ್ಕಿಲ್ಲ, ಅಷ್ಟು ಹಳೆಯದು. ಪರದೆಯ ಮೇಲೆ ಹಣ್ಣು ಉದುರುತ್ತದೆ, ಬುಟ್ಟಿ ಹಿಡಿಯಬೇಕು. ದೋಣಿ ಸಾಗುತ್ತದೆ, ಬಂಡೆ ತಪ್ಪಿಸಬೇಕು. ಅದರ ಚಿಕ್ಕ ಗುಂಡಿಗಳನ್ನು ಸೋತ ಬೆರಳು ಒತ್ತಲಾರದು. ಹಾಗಾಗಿ ಅಕ್ಕ ಕರೆಗಂಟೆಯ ಸ್ವಿಚ್ಚು, ಸ್ಕೂಟರಿನ ರಬ್ಬರ್ ಹಿಡಿಗಳಿಂದ ತಾವೇ ಬೇರೆ ಹಿಡಿಕೆಗಳನ್ನು ಮಾಡಿ ಜೋಡಿಸಿದ್ದಾರೆ. ಅಂಗೈಯಿಂದ ಗುದ್ದಿದರೂ ಸಾಕು, ಮೊಣಕೈಯಿಂದ ಒತ್ತಿದರೂ ಸಾಕು.

ಆ ಪೆಟ್ಟಿಗೆಯೇ ಈಗ ಆಟದ ನಡುವೆ ಕಲ್ಲಾಗಿ ನಿಲ್ಲುತ್ತಿದೆ.

“ಆಟ ನಿಂತ್ರೆ ನಿಮಗೂ ನನಗೂ ಯಂತ್ರ ಕೆಟ್ಟಿದೆ ಅಂತ ಗೊತ್ತಾಗುತ್ತೆ,” ಎನ್ನುತ್ತಾರೆ ಅಕ್ಕ. “ಇಲ್ಲಿ ಕೂತವರಿಗೆ ಹಾಗಲ್ಲ. ತಮ್ಮ ಕೈಯೇ ನಿಂತುಹೋಯ್ತು ಅಂದ್ಕೋತಾರೆ. ಹಿಡಿಕೆ ಕೆಳಗಿಟ್ಟುಬಿಡ್ತಾರೆ. ಆ ಮುಖ ನೋಡೋಕಾಗಲ್ಲ.”

ಅವರಿಗೆ ಆ ಮುಖದ ಪರಿಚಯ ಚೆನ್ನಾಗಿದೆ. ಅಕ್ಕ ಈ ಕೊಠಡಿಗೆ ಮೊದಲು ಬಂದದ್ದು ರಿಪೇರಿಗಲ್ಲ, ರೋಗಿಯಾಗಿ. ಮೋಟಾರ್ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ಕೆಲಸದಲ್ಲಿದ್ದರು. ಒಂದು ದಿನ ಬಲಗೈ ಬೆಲ್ಟಿಗೆ ಸಿಕ್ಕಿತು. ಬೆರಳುಗಳು ಉಳಿದವು, ಆದರೆ ಎರಡು ಕೊರಡಾದವು. ಕಾರ್ಖಾನೆಯವರು ಹಣ್ಣಿನ ಬುಟ್ಟಿ ತಂದು ನೋಡಿ ಹೋದರು; ಮತ್ತೆ ಕೆಲಸಕ್ಕೆ ಬಾ ಎನ್ನಲಿಲ್ಲ. ಇದೇ ವೈದ್ಯೆ ಆಟದ ಹಿಡಿಕೆಯನ್ನು ಅವರ ಕೈಗಿತ್ತಾಗ ಗುಂಡಿ ಒತ್ತಲಾಗದೆ ಸಿಟ್ಟಿನಿಂದ ಎಸೆದರು. ಎಸೆದದ್ದು ಒಡೆಯಿತು. ಒಡೆದದ್ದನ್ನು ತಾವೇ ಎಡಗೈಯಲ್ಲಿ ಬಿಚ್ಚಿ, ತಮ್ಮ ಕೈಗೆ ಒಗ್ಗುವ ಹಾಗೆ ಕಟ್ಟಿಕೊಂಡರು.

“ನನ್ನ ಕೈ ಯಂತ್ರಕ್ಕೆ ತಕ್ಕಂತೆ ಬಾಗಲಿಲ್ಲ. ಯಂತ್ರಾನೇ ಬಾಗಿಸಿದೆ,” ಎಂದು ನಗುತ್ತಾರೆ.

ಹಳೆಯ ವೈರ್‌ಮನ್ ನಿವೃತ್ತರಾದಾಗ ಅಕ್ಕ ಕೆಲಸ ಕೇಳಿ ಹೋದರು. ಕೈ ಸರಿಯಿಲ್ಲದವರಿಗೆ ಕರೆಂಟಿನ ಕೆಲಸ ಹೇಗೆ ಕೊಡುವುದು ಎಂದು ಅಧಿಕಾರಿಗಳು ರಾಗ ಎಳೆದರು. “ಒಂದು ತಿಂಗಳು ನೋಡಿ ಸಾರ್. ಕೈ ನೋಡ್ಬೇಡಿ, ಕೆಲಸ ನೋಡಿ,” ಎಂದರು ಅಕ್ಕ. ಆ ತಿಂಗಳು ಮುಗಿದು ಎಷ್ಟೋ ವರ್ಷಗಳಾಗಿವೆ.

ಡಿಸ್ಕ್ ಹಲ್ಲು ಕಡಿಯುವ ಸುದ್ದಿ ಉಗ್ರಾಣದ ಸಾಹೇಬರ ಕಿವಿಗೆ ಬೀಳಲು ತಡವಾಗಲಿಲ್ಲ. ಅದೇ ದಿನ ಮಧ್ಯಾಹ್ನ ಅವರು ಇಬ್ಬರು ಆಳುಗಳೊಂದಿಗೆ ಬಂದರು. ಗುಜರಿಗೆ ಹೋಗುವ ಮುರುಕು ಕುರ್ಚಿಗಳ ಜೊತೆ ಪೆಟ್ಟಿಗೆಯನ್ನೂ ಸಾಗಿಸುವ ಲೆಕ್ಕಾಚಾರ. ಅಕ್ಕ ಪೆಟ್ಟಿಗೆ ಇಟ್ಟಿದ್ದ ತಳ್ಳುಗಾಡಿಗೆ ಅಡ್ಡಲಾಗಿ ಸ್ಟೂಲ್ ಎಳೆದು ಕೂತರು.

“ಏಳಮ್ಮ. ಹೊಸದಕ್ಕೆ ಬರೆದಿದ್ದೀನಿ, ಬರುತ್ತೆ.”

“ಬರ್ಲಿ ಸಾರ್, ಬೇಡ ಅಂದೋರ್ಯಾರು? ಬರೋವರೆಗೆ ಇವರ ಬೆರಳು ಏನು ಮಾಡ್ಬೇಕು? ನಿಮ್ಮ ಉಗ್ರಾಣದಲ್ಲಿ ಇಟ್ಟಿರೋಣವಾ?”

“ನಾನೂ ಮೇಲಿನವರಿಗೆ ಉತ್ತರ ಕೊಡ್ಬೇಕಲ್ಲಮ್ಮ. ಕೆಟ್ಟ ಸಾಮಾನು ಇಟ್ಕೊಂಡಿದ್ದೀರಿ ಅಂತ ನನ್ನನ್ನ ಹಿಡೀತಾರೆ.”

“ಕೆಟ್ಟಿರೋದು ಆಟಗಳನ್ನ ತುಂಬಿಟ್ಟಿರೋ ಒಳಗಿನ ಒಂದು ಡಿಸ್ಕ್. ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ? ಹೊಸ ಯಂತ್ರಕ್ಕೆ ನನ್ನ ಹಿಡಿಕೆಗಳು ಸೇರಲ್ಲ ಸಾರ್. ಈ ಆಟಗಳೂ ಅದರಲ್ಲಿ ನಡೆಯಲ್ಲ. ಇವನ್ನ ಇಳಿಸಿಕೊಳ್ಳೋ ಇಂಟರ್ನೆಟ್ ಅಂಗಡಿನೇ ಕಂಪನಿಯವರು ಮುಚ್ಚಿದ್ದಾರೆ. ಇದು ಹೋದ್ರೆ ಹೋಯ್ತು.”

ಆಳುಗಳು ಸಾಹೇಬರ ಮುಖ ನೋಡಿದರು, ಸಾಹೇಬರು ವೈದ್ಯೆಯ ಮುಖ ನೋಡಿದರು. ವೈದ್ಯೆ ಅಕ್ಕನ ಪಕ್ಕಕ್ಕೆ ಇನ್ನೊಂದು ಸ್ಟೂಲ್ ಎಳೆದುಕೊಂಡರು. “ಒಂದು ವಾರ ಬಿಡಿ, ನನ್ನ ಜವಾಬ್ದಾರಿ,” ಎಂದರು. ಕುರ್ಚಿಗಳಷ್ಟೇ ಹೋದವು.

ಮನೆಯಲ್ಲಿ ಅಕ್ಕನ ಗಂಡ, ಟೈರಿಗೆ ಪಂಕ್ಚರ್ ಹಾಕುವವರು, ಇದನ್ನು ಕೇಳಿ ಅಡುಗೆಮನೆಯತ್ತ ಕೈ ತೋರಿಸಿದರಂತೆ. “ನಮ್ಮ ಮಿಕ್ಸಿ ಸತ್ತು ಎಷ್ಟು ದಿನ ಆಯ್ತು? ದೀಪದ ಬುಡದಲ್ಲೇ ಕತ್ತಲೆ ಮಾರಾಯ್ತಿ.” ಹಾಗೆಂದವರೇ ಬೆಳಿಗ್ಗೆ ತಮ್ಮ ಬೈಕಿನಲ್ಲಿ ಅಕ್ಕನನ್ನು ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿಗೆ ಬಿಟ್ಟು ಬಂದರು.

ಬದಲಿ ಡಿಸ್ಕ್ ಆರಿಸುವುದು ಹುಡುಗಾಟವಲ್ಲ ಎಂಬುದು ಅಕ್ಕನಿಗೆ ಪೆಟ್ಟು ತಿಂದೇ ತಿಳಿಯಿತು. ಹಳೆಯ ಯಂತ್ರ ಬೇಡುವುದು ಲ್ಯಾಪ್‌ಟಾಪಿಗೆ ಹಾಕುವ ಚಿಕ್ಕ ಗಾತ್ರದ ಡಿಸ್ಕ್. ಆ ಗಾತ್ರದಲ್ಲೇ ಭಾರಿ ಜಾಗವಿರುವುದೊಂದು ಸಿಕ್ಕಿತೆಂದು ಹಿಗ್ಗಿ ಕೊಂಡು ತಂದರು. ಉದ್ದ ಸರಿ, ಅಗಲ ಸರಿ. ದಪ್ಪ ಒಂದು ಕೂದಲೆಳೆ ಅಲ್ಲ, ಅರ್ಧ ಬೆರಳು ಜಾಸ್ತಿ. ಪೆಟ್ಟಿಗೆಯ ಗೂಡಿನೊಳಗೆ ತೂರಲೇ ಇಲ್ಲ.

“ಹಾಸಿಗೆ ನೋಡದೆ ಕಾಲು ಚಾಚಿದೆ,” ಎಂದು ತಲೆ ಚಚ್ಚಿಕೊಳ್ಳುತ್ತಾರೆ. “ಜಾಗ ಜಾಗ ಅಂತ ಬಾಯಿ ಬಿಟ್ಟೆ. ನಮಗೆ ಬೇಕಾಗಿರೋದು ನಾಲ್ಕಾರು ಆಟ. ಅಷ್ಟು ಜಾಗದಲ್ಲಿ ಏನು ಜೋಳ ಒಣಗಿಸ್ತೀನಾ?”

ವಾಪಸು ಹೋದಾಗ ಅಂಗಡಿಯವರು ಮೊದಲು ಮುಖ ಗಂಟಿಕ್ಕಿದರು. ಬಳಿಕ ಅದರ ಬದಲಿಗೆ ಒಂದು ಹಗುರ ಡಿಸ್ಕ್ ಮುಂದಿಟ್ಟರು. ಲೇಬಲ್ ಥಳಥಳ. ಅಕ್ಕ ಅಂಗೈಯಲ್ಲಿ ತೂಗಿ ನೋಡಿ, ಅಂಗಡಿಯ ಕಂಪ್ಯೂಟರಿಗೇ ಜೋಡಿಸಿ ದೊಡ್ಡ ದೊಡ್ಡ ಫೈಲು ತುಂಬಿಸಲು ಹೇಳಿದರು. ಲೇಬಲ್ಲು ಹೇಳಿದ ಜಾಗದ ಕಾಲು ಭಾಗ ತುಂಬುವಷ್ಟರಲ್ಲಿ ಅದು ಉಸಿರು ಬಿಟ್ಟಿತು; ನಕಲಿ ಮಾಲು.

“ನನಗೂ ಹೀಗೇ ಬಂದದ್ದಮ್ಮ,” ಎಂದರು ಅಂಗಡಿಯವರು, ಪೆಚ್ಚಾಗಿ.

“ಹಾಗಾದ್ರೆ ಇನ್ನೊಬ್ಬರಿಗೆ ದಾಟಿಸ್ಬೇಡಿ. ಇಲ್ಲೇ ಮುರಿದು ಹಾಕಿ,” ಎಂದು ಅಕ್ಕ ಗಲ್ಲಾದ ಮುಂದೆಯೇ ನಿಂತರು. ಅದು ಮುರಿದು ಬುಟ್ಟಿಗೆ ಬೀಳುವವರೆಗೂ ಕದಲಲಿಲ್ಲ. ಹಿಂದೆ ನಿಂತಿದ್ದ ಗಿರಾಕಿಗಳೂ ಗೊಣಗದೆ ನೋಡುತ್ತಿದ್ದರಂತೆ.

ಉಳಿದದ್ದು ಎರಡು: ತಟ್ಟೆ ತಿರುಗುವ ಮಾಮೂಲಿ ಡಿಸ್ಕ್, ತಿರುಗುವುದೇನೂ ಇಲ್ಲದ ಚಿಪ್ ಡಿಸ್ಕ್. ಅಂಗಡಿಯವರು ಮಾಮೂಲಿಯನ್ನೇ ಶಿಫಾರಸು ಮಾಡಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. “ನಿಮ್ಮ ಯಂತ್ರಕ್ಕೆ ಅಷ್ಟು ವೇಗ ತಡಕೊಳ್ಳೋ ಶಕ್ತಿ ಇಲ್ಲಮ್ಮ. ಮುದುಕನ ಕಾಲಿಗೆ ಓಟದ ಬೂಟು ಹಾಕಿದ ಹಾಗಾಗುತ್ತೆ.”

“ವೇಗ ಯಾರಿಗೆ ಬೇಕಾಗಿದೆ?” ಎಂದರು ಅಕ್ಕ. “ನಮ್ಮ ಪೆಟ್ಟಿಗೆ ಗಾಡಿ ಮೇಲೆ ಕೂತು ವಾರ್ಡ್ ವಾರ್ಡ್ ಸುತ್ತುತ್ತೆ, ಹೊಸ್ತಿಲು ಹಾರುತ್ತೆ. ಹಿಡಿತ ತಪ್ಪಿದ ಕೈ ಬಂದು ಗುದ್ದುತ್ತೆ. ತಟ್ಟೆ ತಿರುಗೋದು ಆ ಏಟಿಗೇ ಸತ್ತದ್ದು. ಪೆಟ್ಟು ತಿಂದು ಬದುಕೋದು ಕೊಡಿ.” ಚಿಕ್ಕ ಚಿಪ್ ಡಿಸ್ಕ್ ಒಂದನ್ನು, ಮೊದಲು ಅಳತೆಪಟ್ಟಿ ಹಿಡಿದು ದಪ್ಪ ನೋಡಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದರು.

ಆಟಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುವುದು ಇನ್ನೊಂದು ಹೋರಾಟ. ವೈದ್ಯೆಯ ಕಂಪ್ಯೂಟರಿಗೆ ಎರಡನ್ನೂ ಜೋಡಿಸಿ, ಇದ್ದದ್ದು ಇದ್ದ ಹಾಗೇ ನಕಲು ಇಳಿಸಬೇಕು. ಹಳೆಯ ಡಿಸ್ಕ್ ಬಿಸಿಯಾದೊಡನೆ ಮುಷ್ಕರ ಹೂಡುತ್ತದೆ. ಅಕ್ಕ ಮೇಜಿನ ಫ್ಯಾನನ್ನು ಅದರ ಮುಖಕ್ಕೆ ತಿರುಗಿಸಿ, ತಣಿದಾಗ ಶುರು ಮಾಡಿ, ಕಾದಾಗ ನಿಲ್ಲಿಸಿ, ರಜಾದಿನವಿಡೀ ಕಾವಲು ಕೂತರು. ಆಟಗಳೆಲ್ಲ ಬಂದವು. ರೋಗಿಗಳು ಎಲ್ಲಿಯವರೆಗೆ ಆಡಿದ್ದರು ಎಂಬ ಗುರುತು ಇದ್ದ ಜಾಗ ಮಾತ್ರ ಪೂರ್ತಿ ಸವೆದಿತ್ತು. ಅದು ಬರಲಿಲ್ಲ.

ಅದರ ಪೆಟ್ಟು ಹೆಚ್ಚು ಬಿದ್ದದ್ದು ದರ್ಜಿ ಮಾವನಿಗೆ. ಬಲಗೈ ಸೋತ ಈ ಹಿರಿಯರು ದೋಣಿಯಾಟದಲ್ಲಿ ಕೊನೆಯ ತಿರುವಿನವರೆಗೆ ತಲುಪಿದ್ದರು. ಅಂಕಪಟ್ಟಿಯ ಮೇಲ್ತುದಿಯಲ್ಲಿ ಅವರ ಹೆಸರಿತ್ತು. ಹೊಸ ಡಿಸ್ಕ್ ಹಾಕಿದ ದಿನ ಪರದೆ ಬೆಳಗಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವರೊಬ್ಬರೇ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಿದ್ದರು.

“ನನ್ನ ಹೆಸರೇ ಇಲ್ವಲ್ಲಮ್ಮ.”

“ಇಲ್ಲ ಮಾವ. ಆಟ ಉಳಿಸಿದೆ, ಅಂಕ ಉಳಿಸೋಕಾಗಲಿಲ್ಲ. ಸುಳ್ಳು ಹೇಳಲ್ಲ.”

ಮಾವ ಎದ್ದು ಹೋದವರು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಂಜೆ ಕೆಲಸ ಮುಗಿಸಿ ಅಕ್ಕ ಅವರ ಮನೆಗೇ ಹೋದರು. ಮುಚ್ಚಿದ ಹೊಲಿಗೆ ಯಂತ್ರದ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು ಮಾವ. ಇಷ್ಟು ದಿನದ ಕಷ್ಟ ನೀರಲ್ಲಿ ಹೋಮ ಮಾಡಿದ ಹಾಗಾಯಿತು, ಇನ್ನು ತಮ್ಮಿಂದಾಗದು ಎಂದರು.

ಅಕ್ಕ ಸಮಾಧಾನ ಹೇಳಲಿಲ್ಲ. ಬೈದರು. “ಪೆಟ್ಟಿಗೇಲಿ ಇದ್ದದ್ದು ಅಂಕ ಮಾವ. ಕೈ ನಿಮ್ಮ ಹತ್ರನೇ ಇದೆಯಲ್ಲ? ಅದನ್ನ ಯಾವ ಡಿಸ್ಕ್ ತಿಂತು? ನಾನು ಇಡೀ ಆಸ್ಪತ್ರೆ ಎದುರು ಹಾಕ್ಕೊಂಡು ಕೂತಿದ್ದು ನೀವಿಲ್ಲಿ ಗೋಡೆ ನೋಡ್ಲಿ ಅಂತಲ್ಲ.”

ಮಾವನ ಹೆಂಡತಿ ಒಳಗಿನಿಂದ, “ಇನ್ನೂ ನಾಲ್ಕು ಹಾಕಮ್ಮ,” ಎಂದರಂತೆ.

ಇವತ್ತು ಮಾವ ಬಂದಿದ್ದಾರೆ. ಮುಖ ಇನ್ನೂ ಬಿಗಿದೇ ಇದೆ. ಸ್ಕೂಟರಿನ ಹಿಡಿಯನ್ನು ಬಲಗೈಯಲ್ಲಿ ಹಿಡಿದು ಮೊದಲ ತಿರುವಿನಿಂದ ಹೊರಟಿದ್ದಾರೆ. ಹಿಂದೆ ವಾರಗಟ್ಟಲೆ ಕಾಡಿದ ಬಂಡೆಗಳನ್ನು ಒಂದರ ಹಿಂದೊಂದು ದಾಟುತ್ತಿದ್ದಾರೆ. ಎಲ್ಲೂ ಪರದೆ ನಿಲ್ಲುವುದಿಲ್ಲ. ಒಮ್ಮೆ ಕೈ ಜಾರಿ ಪೆಟ್ಟಿಗೆಗೆ ಜೋರಾಗಿ ಬಡಿಯುತ್ತದೆ. ಕೊಠಡಿಯಲ್ಲಿದ್ದವರೆಲ್ಲ ಉಸಿರು ಹಿಡಿಯುತ್ತಾರೆ. ದೋಣಿ ಸಾಗುತ್ತಲೇ ಇದೆ.

ಉಗ್ರಾಣದ ಸಾಹೇಬರು ಬಾಗಿಲಲ್ಲಿ ಇಣುಕುತ್ತಾರೆ. ಹೊಸ ಯಂತ್ರದ ಅರ್ಜಿ ಎಲ್ಲಿಗೆ ಬಂತೆಂದು ಅವರಿಗೂ ತಿಳಿದಿಲ್ಲ. ಇದನ್ನು ಇನ್ನೆಷ್ಟು ದಿನ ಎಳೆಯುತ್ತೀರಿ ಎಂದು ಅಕ್ಕನನ್ನು ಕೇಳುತ್ತಾರೆ; ದನಿಯಲ್ಲಿ ಮೊದಲಿನ ಗಡಸಿಲ್ಲ.

“ನಾನಿರೋವರೆಗೆ. ಆಮೇಲೆ ಇನ್ಯಾರಾದ್ರೂ ಸ್ಟೂಲ್ ಹಾಕ್ಕೊಂಡು ಕೂರ್ತಾರೆ ಸಾರ್.”

ನಿಮಗಾಗಿ ಏನಾದರೂ ಬೇಕೇ ಎಂದರೆ ಅಕ್ಕ ಒಂದು ಕ್ಷಣವೂ ಯೋಚಿಸುವುದಿಲ್ಲ. ಸಂಬಳದ ಮಾತಿಲ್ಲ, ಸನ್ಮಾನದ ಮಾತಿಲ್ಲ. “ಇಂಥದ್ದೇ ಇನ್ನೊಂದು ಹಳೇ ಪೆಟ್ಟಿಗೆ ಯಾರ ಮನೆ ಅಟ್ಟದಲ್ಲಾದ್ರೂ ಇದ್ರೆ ಕೊಡಿ. ಕೆಟ್ಟಿದ್ರೂ ಪರವಾಗಿಲ್ಲ. ಎರಡು ಪಕ್ಕಪಕ್ಕ ಇಟ್ಟು ಇವರಿಗೆ ಪಂದ್ಯ ಕಟ್ತೀನಿ. ಒಬ್ಬರೇ ಆಡಿದ್ರೆ ಬರೀ ಕೈ ಆಡುತ್ತೆ. ಎದುರಿಗೊಬ್ಬರು ಗೆದ್ದು ನಕ್ಕರೆ ನೋಡಿ, ಸೋತವರಿಗೆ ರೋಷ ಬರುತ್ತೆ. ಮುಷ್ಟಿ ತಾನಾಗೇ ಬಿಗಿಯಾಗುತ್ತೆ.”